ಕೆಂಪು ಗೆರೆಯೊಳಗಿನ ಬಂಗಾರ



ಬಂಗಾರದ ಬಣ್ಣ ಯಾವುದು? ಹಳದಿ ಅಂತ ಎಲ್ಲರೂ ಹೇಳುತ್ತೇವೆ. ಬೋರಮಾಳ ಸರ ಹಳದಿ. ತಾಳಿಯ ಗುಂಡು ಹಳದಿ. ಕಿವಿಯ ಬೆಂಡೋಲೆಯೂ ಹಳದಿ.

ಆದರೆ ಕೆಂಪು ಬಂಗಾರವೂ ಇದೆ. ಐಗಳಿಯಂಥ ಊರುಗಳ ಎಷ್ಟೋ ಹೆಣ್ಣುಮಕ್ಕಳು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ. ಅದು ಬಂಗಾರ ಅಂತ ಮಾತ್ರ ಅವರಿಗೆ ಯಾರೂ ಹೇಳಿಲ್ಲ.

ಎಲ್ಲಿದೆ ಆ ಬಂಗಾರ? ಬಸಿರು ಪರೀಕ್ಷೆಯ ಪಟ್ಟಿಯಲ್ಲಿದೆ. ಮುಟ್ಟು ನಿಂತಾಗ ಆಶಾ ಕಾರ್ಯಕರ್ತೆಯರು ಕೊಡುವ ಚಿಕ್ಕ ಪಟ್ಟಿ ಅದು. ಸರಕಾರ ಅದನ್ನು 'ನಿಶ್ಚಯ್' ಎಂಬ ಹೆಸರಿನಲ್ಲಿ ಹಂಚಿದೆ. ಔಷಧದ ಅಂಗಡಿಯಲ್ಲೂ ಬೇರೆ ಬೇರೆ ಹೆಸರಿನ ಪಟ್ಟಿ ಸಿಗುತ್ತವೆ. ಮೂತ್ರದ ಹನಿ ಹಾಕಿದರೆ ಅದರಲ್ಲಿ ಕೆಂಪು ಗೆರೆ ಮೂಡುತ್ತದೆ. ಹೆಚ್ಚಿನ ಪಟ್ಟಿಗಳಲ್ಲಿ ಆ ಕೆಂಪು ಬಂಗಾರದ್ದೇ. ಕೆಲವು ಪಟ್ಟಿಗಳಲ್ಲಿ ಬೇರೆ ಬಣ್ಣದ ಕಣ ಇರುತ್ತದೆ. ಅವುಗಳ ಗೆರೆ ನೀಲಿ.

"ಹಂಗಾದರ ಆ ಪಟ್ಟಿ ಕೂಡಿಸಿಟ್ಟು ಕರಗಿಸಿದರ ಒಂದು ಗುಂಡಾದರೂ ಆದೀತೇನು?" ಅಂತ ನೀವು ನಗಬಹುದು. ಆಗುವುದಿಲ್ಲ. ಅದರಲ್ಲಿರುವ ಬಂಗಾರ ತೂಕಕ್ಕೆ ಸಿಗುವಷ್ಟು ಇಲ್ಲ. ಅದರ ಬೆಲೆ ತೂಕದಲ್ಲಿಲ್ಲ, ಅದು ಹೇಳುವ ಸುದ್ದಿಯಲ್ಲಿದೆ. ಆ ಸುದ್ದಿ ನಮ್ಮ ಮೈಯ ಸುದ್ದಿ. ಅದನ್ನು ನಾವೇ ಓದಲು ಬರಬೇಕು. ಅದಕ್ಕಾಗಿ ಈ ಪಾಠ.

ಎಷ್ಟು ಸಣ್ಣದು?

ಜೋಳ ಒಡೆದರೆ ನುಚ್ಚು. ನುಚ್ಚು ಬೀಸಿದರೆ ಹಿಟ್ಟು. ಹಿಟ್ಟನ್ನು ಇನ್ನೂ ಬೀಸುತ್ತ ಹೋದರೆ? ನಮ್ಮ ಬೀಸುಕಲ್ಲು ಸೋಲುತ್ತದೆ. ನಮ್ಮ ಕಣ್ಣೂ ಸೋಲುತ್ತದೆ. ಆದರೆ ಅಳತೆ ಅಲ್ಲಿಗೆ ಮುಗಿಯುವುದಿಲ್ಲ.

ಅಳತೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣ ಗೆರೆ ನೋಡಿರಿ. ಅದು ಒಂದು ಮಿಲಿಮೀಟರ್. ಅದನ್ನು 10 ಲಕ್ಷ ಪಾಲು ಮಾಡಿರಿ. ಅದರಲ್ಲಿ ಒಂದು ಪಾಲಿಗೆ ಒಂದು ನ್ಯಾನೋಮೀಟರ್ ಅನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಪಟ್ಟಿಯಲ್ಲಿರುವ ಬಂಗಾರದ ಒಂದು ಕಣ ಸುಮಾರು 40 ನ್ಯಾನೋಮೀಟರ್. ಅಂದರೆ ಒಂದು ಕೂದಲಿನ ಅಡ್ಡಗಲದಲ್ಲಿ ಅಂಥ 2 ಸಾವಿರ ಕಣಗಳನ್ನು ಸಾಲಾಗಿ ಇಡಬಹುದು.

1 ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಿಗೆ ನ್ಯಾನೋ ಕಣ ಎಂದು ಹೆಸರು. ಬಂಗಾರ, ಬೆಳ್ಳಿ, ತಾಮ್ರ ಹೀಗೆ ಯಾವ ಲೋಹದಿಂದಲೂ ನ್ಯಾನೋ ಕಣ ಮಾಡಬಹುದು.

ಸಣ್ಣದಾದರೆ ಏನಾಗುತ್ತದೆ?

ಬೆಲ್ಲದ ಹೆಂಟೆ ನೀರಿನಲ್ಲಿ ನಿಧಾನ ಕರಗುತ್ತದೆ. ಪುಡಿ ಮಾಡಿದ ಬೆಲ್ಲ ಬೇಗ ಕರಗುತ್ತದೆ. ಯಾಕೆ? ಪುಡಿ ಮಾಡಿದಾಗ ಹೊರಮೈ ಹೆಚ್ಚುತ್ತದೆ. ನೀರು ಹೆಚ್ಚು ಕಡೆ ತಾಗುತ್ತದೆ.

ಬಂಗಾರದ ಲೆಕ್ಕ ನೋಡೋಣ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಸೆಂಟಿಮೀಟರ್ ಇರುವ ಬಂಗಾರದ ತುಂಡು ತೆಗೆದುಕೊಳ್ಳಿರಿ. ಅದರ ತೂಕ ಸುಮಾರು 19 ಗ್ರಾಂ. ಎರಡು ತೊಲೆಗೆ ತುಸು ಕಡಿಮೆ. ಅದರ ಹೊರಮೈ ಒಂದು ಅಂಚೆ ಚೀಟಿಯಷ್ಟು. ಅದೇ ತುಂಡನ್ನು 10 ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದೆವು ಎಂದುಕೊಳ್ಳೋಣ. ಆಗ ಎಲ್ಲ ತುಂಡುಗಳ ಹೊರಮೈ ಕೂಡಿಸಿದರೆ 600 ಚದರ ಮೀಟರ್ ಆಗುತ್ತದೆ. ನಮ್ಮ ಹೊಲದ ಲೆಕ್ಕದಲ್ಲಿ ಸುಮಾರು 6 ಗುಂಟೆ! ಬಂಗಾರ ಅಷ್ಟೇ. ತೂಕ ಅಷ್ಟೇ. ಮೈ ಮಾತ್ರ ಅಷ್ಟು ಹರಡಿತು. ಬೇರೆ ವಸ್ತುಗಳನ್ನು ಹಿಡಿದುಕೊಳ್ಳಲು ಇಷ್ಟು ಜಾಗ ಸಿಕ್ಕರೆ ಅದು ಎಷ್ಟು ಕೆಲಸಕ್ಕೆ ಬಂದೀತು, ಯೋಚಿಸಿರಿ.

ಇನ್ನೊಂದು ಬದಲಾವಣೆ ಬಣ್ಣದ್ದು. ಬಿಸಿಲು ಬಿಳಿಯಾಗಿ ಕಾಣುತ್ತದೆ. ಅದರಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಕೂಡಿವೆ. ಸಣ್ಣ ಬಂಗಾರದ ಕಣಗಳು ಅದರಲ್ಲಿನ ಹಸಿರನ್ನು ನುಂಗುತ್ತವೆ. ಕೆಂಪನ್ನು ಬಿಟ್ಟುಕೊಡುತ್ತವೆ. ಆದ್ದರಿಂದ ಅವು ಕೂಡಿದ ನೀರು ಕುಂಕುಮದ ನೀರಿನ ಹಾಗೆ ಕೆಂಪಾಗಿ ಕಾಣುತ್ತದೆ. ಬೆಳ್ಳಿಯ ಸಣ್ಣ ಕಣಗಳು ನೇರಳೆ, ನೀಲಿ ಬಣ್ಣವನ್ನು ನುಂಗುತ್ತವೆ. ಆ ನೀರು ಅರಿಷಿಣದ ನೀರಿನ ಹಾಗೆ ಹಳದಿ.

ನೋಡಿರಿ ಚಮತ್ಕಾರ! ಹಳದಿ ಬಂಗಾರ ಕೆಂಪಾಯಿತು. ಬಿಳಿ ಬೆಳ್ಳಿ ಹಳದಿಯಾಯಿತು. ಇದರಲ್ಲಿ ಮಾಟವಿಲ್ಲ, ಮಂತ್ರವಿಲ್ಲ. ಇದು ಅಳತೆಯ ಗುಣ.

ಕಮ್ಮಾರನ ಮಗ ಕಂಡುಕೊಂಡದ್ದು

ಈ ಕೆಂಪು ಬಂಗಾರ ಹೊಸದಲ್ಲ. ಸುಮಾರು 1600 ವರ್ಷಗಳ ಹಿಂದೆ ರೋಮ್ ದೇಶದ ಕುಶಲಿಗರು ಒಂದು ಗಾಜಿನ ಬಟ್ಟಲು ಮಾಡಿದ್ದರು. ಅದು ಈಗ ಲಂಡನ್ನಿನ ಬ್ರಿಟಿಷ್ ವಸ್ತು ಸಂಗ್ರಹಾಲಯದಲ್ಲಿದೆ. ಹೊರಗಿನ ಬೆಳಕಿನಲ್ಲಿ ಅದು ಹಸಿರು. ಒಳಗೆ ದೀಪ ಇಟ್ಟರೆ ಕೆಂಪು. ಗಾಜಿನಲ್ಲಿ ಬೆಳ್ಳಿ ಬಂಗಾರದ ನ್ಯಾನೋ ಕಣಗಳು ಸೇರಿವೆ. ಮಾಡಿದವರಿಗೆ ಕೈಗುಣ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ.

ಕಾರಣದ ಎಳೆ ಹಿಡಿದವನು ಮೈಕೆಲ್ ಫ್ಯಾರಡೆ. ಆತ ಇಂಗ್ಲೆಂಡಿನ ಒಬ್ಬ ಬಡ ಕಮ್ಮಾರನ ಮಗ. ಹೆಚ್ಚು ಶಾಲೆ ಕಲಿಯಲಿಲ್ಲ. ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಓದಿ ದೊಡ್ಡ ವಿಜ್ಞಾನಿಯಾದ. 1857ರಲ್ಲಿ ಆತ ಬಂಗಾರದ ಕೆಂಪು ನೀರು ತಯಾರಿಸಿದ. "ಇದು ಬೇರೆ ಬಣ್ಣವಲ್ಲ, ಬಂಗಾರವೇ ಬಹಳ ಸಣ್ಣ ಕಣವಾಗಿ ನೀರಿನಲ್ಲಿ ತೇಲುತ್ತಿದೆ" ಎಂದು ತಿಳಿಸಿದ. ಆತ ಮಾಡಿದ ಕೆಂಪು ನೀರಿನ ಸೀಸೆಗಳನ್ನು ಲಂಡನ್ನಿನಲ್ಲಿ ಇನ್ನೂ ಕಾದಿಟ್ಟಿದ್ದಾರೆ.

ಹೇಗೆ ಮಾಡುತ್ತಾರೆ?

ಬಂಗಾರವನ್ನು ಬೀಸಿ ಇಷ್ಟು ಸಣ್ಣ ಮಾಡುವುದು ಕಷ್ಟ. ಆದ್ದರಿಂದ ವಿಜ್ಞಾನಿಗಳು ಉಲ್ಟಾ ದಾರಿ ಹಿಡಿದರು. ಮೊದಲು ಬಂಗಾರವನ್ನು ಪೂರ್ತಿ ಕರಗಿಸುವುದು. ಆಮೇಲೆ ಅಣು ಅಣು ಕೂಡಿಸಿ ಕಣ ಕಟ್ಟುವುದು.

ಅಥಣಿ ಪೇಟೆಯ ಪತ್ತಾರರನ್ನು ಕೇಳಿರಿ. ಬಂಗಾರ ಒಂದೇ ಆಸಿಡ್‌ಗೆ ಸುಲಭವಾಗಿ ಕರಗುವುದಿಲ್ಲ. ಎರಡು ಬಲವಾದ ಆಸಿಡ್ ಕೂಡಿಸಿದಾಗ ಕರಗುತ್ತದೆ. ಹೀಗೆ ಕರಗಿಸಿ ಬಂಗಾರದ ಒಂದು ಉಪ್ಪು ಮಾಡುತ್ತಾರೆ. ಆ ಉಪ್ಪನ್ನು ಬಹಳ ನೀರಿನಲ್ಲಿ ತುಸುವೇ ಹಾಕಿದರೆ ತೆಳು ಹಳದಿ ನೀರಾಗುತ್ತದೆ.

1951ರಲ್ಲಿ ಅಮೆರಿಕದ ಜಾನ್ ತುರ್ಕೆವಿಚ್ ಮತ್ತು ಸಂಗಡಿಗರು ಒಂದು ಸರಳ ಹದ ತೋರಿಸಿಕೊಟ್ಟರು. ಈಗಲೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದೇ ಹದ ನಡೆಯುತ್ತದೆ. ಹೀಗೆ:

1. ಹಳದಿ ನೀರನ್ನು ಶುದ್ಧ ಗಾಜಿನ ಪಾತ್ರೆಯಲ್ಲಿ ಕುದಿಸುತ್ತಾರೆ.

2. ಕುದಿಯುವಾಗ ಸೋಡಿಯಂ ಸಿಟ್ರೇಟ್ ಹಾಕುತ್ತಾರೆ. ಇದು ಲಿಂಬಿಹಣ್ಣಿನ ಹುಳಿಯಿಂದ ಆಗುವ ಉಪ್ಪು.

3. ಹಳದಿ ಬಣ್ಣ ಹೋಗುತ್ತದೆ. ನೀರು ತುಸು ಹೊತ್ತು ಬಣ್ಣವಿಲ್ಲದೆ ನಿಲ್ಲುತ್ತದೆ.

4. ಆಮೇಲೆ ಕಪ್ಪು ನೀಲಿ, ಆಮೇಲೆ ನೇರಳೆ. ಕೆಲವೇ ನಿಮಿಷಗಳಲ್ಲಿ ಕೆಂಪು!

ಇಲ್ಲಿ ಲಿಂಬಿ ಉಪ್ಪು ಎರಡು ಕೆಲಸ ಮಾಡಿತು. ಒಂದು, ನೀರಿನಲ್ಲಿ ಕರಗಿದ್ದ ಬಂಗಾರವನ್ನು ಮತ್ತೆ ಬಂಗಾರ ಮಾಡಿತು. ಎರಡು, ಪ್ರತಿ ಕಣದ ಸುತ್ತ ಹೊದಿಕೆಯಾಗಿ ಕುಳಿತಿತು. ಹೊದಿಕೆ ಇದ್ದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಆದ್ದರಿಂದ ಅವು ಮುದ್ದೆಯಾಗುವುದಿಲ್ಲ.

ಹೊದಿಕೆ ಕೆಟ್ಟರೆ? ಹಾಲಿಗೆ ಲಿಂಬಿ ಹುಳಿ ಬಿದ್ದರೆ ಹಾಲು ಒಡೆಯುತ್ತದೆ ಅಲ್ಲವೇ? ಹಾಗೆಯೇ ಈ ಕೆಂಪು ನೀರಿಗೆ ಅಡುಗೆ ಉಪ್ಪು ಬಿದ್ದರೆ ಕಣಗಳು ಒಂದಕ್ಕೊಂದು ಅಂಟುತ್ತವೆ. ಕೆಂಪು ನೀರು ನೀಲಿಯಾಗುತ್ತದೆ. ಬಣ್ಣ ಬದಲಾದರೆ ಕಣ ಮುದ್ದೆಯಾಯಿತು ಅಂತ ತಿಳಿಯುತ್ತದೆ.

ಅಡುಗೆಯಲ್ಲಿ ಅಳತೆ ಬದಲಿಸಿದರೆ ರುಚಿ ಬದಲಾಗುತ್ತದೆ. ಇಲ್ಲಿ ಅಳತೆ ಬದಲಿಸಿದರೆ ಕಣದ ಗಾತ್ರ ಬದಲಾಗುತ್ತದೆ. ಲಿಂಬಿ ಉಪ್ಪು ಹೆಚ್ಚು ಹಾಕಿದರೆ ಕಣ ಸಣ್ಣ. ಕಡಿಮೆ ಹಾಕಿದರೆ ಕಣ ದೊಡ್ಡ.

ತುಳಸಿ, ಬೇವು ಮುಂತಾದ ಎಲೆಗಳ ರಸದಿಂದಲೂ ಬೆಳ್ಳಿಯ ನ್ಯಾನೋ ಕಣ ಮಾಡುತ್ತಾರೆ. ಎಲೆಯ ರಸವೇ ಅಲ್ಲಿ ಲಿಂಬಿ ಉಪ್ಪಿನ ಕೆಲಸ ಮಾಡುತ್ತದೆ. ಆದರೆ ಇದನ್ನು ಮನೆಯಲ್ಲಿ ಮಾಡಲು ಹೋಗಬಾರದು. ಬೆಳ್ಳಿಯ ಉಪ್ಪು ಚರ್ಮವನ್ನು ಕಪ್ಪು ಮಾಡುತ್ತದೆ, ಕಣ್ಣಿಗೆ ಅಪಾಯ. ಬಂಗಾರ ಕರಗಿಸುವ ಆಸಿಡ್ ಕೈ ಸುಡುತ್ತದೆ. ಅದರ ಹೊಗೆಯೂ ವಿಷ.

ನಾಲ್ಕು ಒರೆಗಲ್ಲು

ಬಂಗಾರ ಕೊಳ್ಳುವಾಗ ನಾವು ಸುಮ್ಮನೆ ನಂಬುತ್ತೇವೆಯೇ? ಇಲ್ಲ. ಪತ್ತಾರ ಒರೆಗಲ್ಲಿಗೆ ತಿಕ್ಕಿ ನೋಡುತ್ತಾನೆ. ತೂಕ ಮಾಡುತ್ತಾನೆ. ನಾವು ಮುದ್ರೆ ನೋಡುತ್ತೇವೆ. ನ್ಯಾನೋ ಕಣ ಮಾಡಿದವರೂ "ಕೆಂಪಾಯ್ತು, ಮುಗೀತು" ಅನ್ನುವ ಹಾಗಿಲ್ಲ. ಅವರಿಗೂ ಒರೆಗಲ್ಲು ಇವೆ.

ಮೊದಲನೆಯದು ಬೆಳಕಿನ ಪರೀಕ್ಷೆ. ಕೆಂಪು ನೀರಿನ ಮೂಲಕ ಒಂದೊಂದೇ ಬಣ್ಣದ ಬೆಳಕು ಹಾಯಿಸುತ್ತಾರೆ. ಯಾವ ಬಣ್ಣ ಎಷ್ಟು ನುಂಗಿಹೋಯಿತು ಎಂದು ಯಂತ್ರ ಅಳೆಯುತ್ತದೆ. ಸಣ್ಣ ಬಂಗಾರದ ಕಣವಾದರೆ ಹಸಿರು ಬೆಳಕು ಹೆಚ್ಚು ಕಡಿಮೆಯಾಗಿರುತ್ತದೆ.

ಎರಡನೆಯದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಶಾಲೆಯಲ್ಲಿರುವ ಸೂಕ್ಷ್ಮದರ್ಶಕಕ್ಕೆ ಇಷ್ಟು ಸಣ್ಣ ಕಣ ಕಾಣುವುದಿಲ್ಲ. ಆದ್ದರಿಂದ ಬೆಳಕಿನ ಬದಲು ಎಲೆಕ್ಟ್ರಾನ್ ಎಂಬ ಅತಿ ಸಣ್ಣ ಕಣಗಳನ್ನು ಹಾಯಿಸಿ ಫೋಟೋ ತೆಗೆಯುತ್ತಾರೆ. ಆ ಫೋಟೋದಲ್ಲಿ ಬಂಗಾರದ ಕಣಗಳು ಚೆಲ್ಲಿದ ಸಾಸಿವೆಯ ಹಾಗೆ ಕಾಣುತ್ತವೆ. ಒಂದೆರಡು ಕಣ ನೋಡಿದರೆ ಸಾಲದು. ನೂರಾರು ಕಣ ಅಳೆದು ಲೆಕ್ಕ ಹಾಕುತ್ತಾರೆ. ಅನ್ನ ಬೆಂದಿದೆಯೋ ಅಂತ ಒಂದು ಅಗುಳು ಹಿಸುಕಿದರೆ ಸಾಕು. ಇಲ್ಲಿ ಒಂದು ಅಗುಳು ನಂಬುವಂತಿಲ್ಲ.

ಮೂರನೆಯದು ಎಕ್ಸ್-ರೇ ಪರೀಕ್ಷೆ. ದವಾಖಾನೆಯಲ್ಲಿ ಎಲುಬು ನೋಡಲು ಬಳಸುವ ಜಾತಿಯದೇ ಕಿರಣ. ಬಂಗಾರದೊಳಗೆ ಅಣುಗಳು ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿರುತ್ತವೆ. ಬಂಗಾರದ ಸಾಲು ಬೇರೆ. ತಾಮ್ರದ ಸಾಲು ಬೇರೆ. ಕಿರಣ ಚದುರಿದ ರೀತಿಯಿಂದ ಇದು ಯಾವ ಲೋಹ ಎಂದು ತಿಳಿಯುತ್ತದೆ.

ನಾಲ್ಕನೆಯದು ಓಡಾಟದ ಪರೀಕ್ಷೆ. ನೀರಿನಲ್ಲಿ ಕಣಗಳು ಸುಮ್ಮನೆ ನಿಲ್ಲುವುದಿಲ್ಲ, ಕುಣಿಯುತ್ತಲೇ ಇರುತ್ತವೆ. ಸಣ್ಣ ಕಣ ಬೇಗ ಕುಣಿಯುತ್ತದೆ, ದೊಡ್ಡದು ನಿಧಾನ. ಲೇಸರ್ ಬೆಳಕು ಬಿಟ್ಟು ಆ ಕುಣಿತದಿಂದ ಗಾತ್ರ ಲೆಕ್ಕ ಹಾಕುತ್ತಾರೆ.

ನಾಲ್ಕೂ ಪರೀಕ್ಷೆಯ ಉತ್ತರ ಒಂದಕ್ಕೊಂದು ಹೊಂದಿದರೆ ಮಾತ್ರ ವಿಜ್ಞಾನಿಗಳು ಒಪ್ಪುತ್ತಾರೆ. ಬಣ್ಣ ನೋಡಿ ನಂಬುವವರು ಮೋಸ ಹೋಗುತ್ತಾರೆ. ಇದು ಪೇಟೆಯಲ್ಲೂ ನಿಜ, ಪ್ರಯೋಗಶಾಲೆಯಲ್ಲೂ ನಿಜ.

ನಮ್ಮ ನಾಡಿನ ಕೆಲಸ

ಇಂಥ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲೂ ನಡೆಯುತ್ತದೆ. ಈ ಕೇಂದ್ರವನ್ನು ಕಟ್ಟಿದವರು ವಿಜ್ಞಾನಿ ಸಿ. ಎನ್. ಆರ್. ರಾವ್. ಅವರು 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಲೋಹದ ನ್ಯಾನೋ ಕಣಗಳ ಮೇಲೆ ಬಹಳ ಕೆಲಸ ಮಾಡಿದರು. 2014ರಲ್ಲಿ ಅವರಿಗೆ ಭಾರತ ರತ್ನ ಕೊಡಲಾಯಿತು.

ಅವರು ಪ್ರಾಥಮಿಕ ಶಾಲೆಗೆ ಹೋಗಲಿಲ್ಲ. ಅವರ ತಾಯಿ ನಾಗಮ್ಮನವರೇ ಮನೆಯಲ್ಲಿ ಪಾಠ ಹೇಳಿದರು. ಆ ತಾಯಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ತಾಯಿಗೆ ಓದು ಬಂದರೆ ಮನೆಗೆ ಏನು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಪಟ್ಟಿಯೊಳಗೆ ಏನು ನಡೆಯುತ್ತದೆ?

ಈಗ ನಮ್ಮ ಪಟ್ಟಿಗೆ ಬರೋಣ. ಬಸಿರು ನಿಂತ ಮೇಲೆ ಹೆಣ್ಣಿನ ಮೈಯಲ್ಲಿ ಒಂದು ಹೊಸ ರಸ ಹುಟ್ಟುತ್ತದೆ. ಅದಕ್ಕೆ ಎಚ್‌ಸಿಜಿ ಎಂದು ಹೆಸರು. ಅದು ಮೂತ್ರದಲ್ಲೂ ಬರುತ್ತದೆ.

ಪಟ್ಟಿಯ ಒಂದು ತುದಿಯಲ್ಲಿ ಬಂಗಾರದ ಕಣಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಪ್ರತಿ ಕಣಕ್ಕೂ ಸಣ್ಣ ಸಣ್ಣ 'ಕೈ' ಅಂಟಿಸಿರುತ್ತಾರೆ. ಆ ಕೈ ಎಚ್‌ಸಿಜಿಯನ್ನು ಮಾತ್ರ ಹಿಡಿಯುತ್ತದೆ. ಇಂಥ ಕೈಗೆ ಪ್ರತಿಕಾಯ ಅನ್ನುತ್ತಾರೆ.

ಮೂತ್ರದ ಹನಿ ಬಿದ್ದಾಗ ಪಟ್ಟಿ ಅದನ್ನು ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತದೆ. ಬಂಗಾರದ ಕಣಗಳೂ ಜೊತೆಗೆ ಹರಿಯುತ್ತವೆ. ದಾರಿಯಲ್ಲಿ ಎರಡು ಕಡೆ ಕಾವಲು ಇದೆ. ಮೊದಲ ಕಾವಲಿನ ಹೆಸರು ಟಿ. ಅಲ್ಲಿಯೂ ಎಚ್‌ಸಿಜಿ ಹಿಡಿಯುವ ಕೈಗಳಿವೆ. ಬಂಗಾರದ ಕಣ ಎಚ್‌ಸಿಜಿಯನ್ನು ಹಿಡಿದುಕೊಂಡು ಬಂದರೆ ಟಿ ಕಾವಲು ಅದನ್ನು ನಿಲ್ಲಿಸಿಕೊಳ್ಳುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಕಣಗಳು ಒಂದೇ ಸಾಲಿನಲ್ಲಿ ನಿಂತಾಗ ಕೆಂಪು ಗೆರೆ ಕಾಣುತ್ತದೆ. ಒಂದು ಕಣ ಕಣ್ಣಿಗೆ ಕಾಣುವುದಿಲ್ಲ. ಕೂಡಿ ನಿಂತರೆ ಕಾಣುತ್ತವೆ. ನಮ್ಮ ಮಹಿಳಾ ಸಂಘದ ಹಾಗೆಯೇ!

ಎಚ್‌ಸಿಜಿ ಇಲ್ಲದಿದ್ದರೆ ಕಣಗಳು ಟಿ ದಾಟಿ ಮುಂದೆ ಹೋಗುತ್ತವೆ. ಎರಡನೇ ಕಾವಲು ಸಿ. ಅದು ಬರಿಗೈಲಿ ಬಂದ ಕಣಗಳನ್ನೂ ಹಿಡಿಯುತ್ತದೆ. ಆದ್ದರಿಂದ ಪಟ್ಟಿ ಸರಿಯಾಗಿದ್ದರೆ ಸಿ ಗೆರೆ ಬರಲೇಬೇಕು.

ನಾವೇ ಓದೋಣ

ಪಟ್ಟಿಯ ಮೇಲೆ ಇಂಗ್ಲಿಷಿನ ಎರಡು ಅಕ್ಷರ ಇರುತ್ತವೆ. ಸಿ ಅಕ್ಷರ ಒಡೆದ ಬಳೆಯ ಹಾಗೆ. ಟಿ ಅಕ್ಷರ ಕಂಬದ ಮೇಲೆ ತೊಲೆ ಇಟ್ಟ ಹಾಗೆ. ಇವೆರಡನ್ನು ಗುರುತು ಹಿಡಿದರೆ ಸಾಕು.

ಪ್ಯಾಕೆಟ್ ಮೇಲಿನ ಮುಗಿಯುವ ತಾರೀಖು ಮೊದಲು ಓದಿರಿ. ತಾರೀಖು ಮುಗಿದ ಪಟ್ಟಿ ಬೇಡ. ಪ್ಯಾಕೆಟ್ಟನ್ನು ಪರೀಕ್ಷೆ ಮಾಡುವ ಹೊತ್ತಿಗೇ ಬಿಚ್ಚಿರಿ. ತೇವ ತಾಗಿದರೆ ಪಟ್ಟಿ ಕೆಡುತ್ತದೆ. ಮುಂಜಾನೆಯ ಮೊದಲ ಮೂತ್ರ ಒಳ್ಳೆಯದು. ಪ್ಯಾಕೆಟ್ ಮೇಲೆ ಹೇಳಿದಷ್ಟೇ ಹನಿ ಹಾಕಿರಿ. ಹೇಳಿದಷ್ಟೇ ನಿಮಿಷ ಕಾಯಿರಿ. ಬಹಳ ಹೊತ್ತು ಬಿಟ್ಟು ನೋಡಿದರೆ ಉತ್ತರ ತಪ್ಪಬಹುದು.

ಸಿ ಮತ್ತು ಟಿ ಎರಡೂ ಗೆರೆ ಬಂದರೆ ಬಸಿರು ಇದೆ ಎಂದು ಅರ್ಥ. ಟಿ ಗೆರೆ ಮಸುಕಾಗಿದ್ದರೂ ಲೆಕ್ಕಕ್ಕೆ ಇದೆ. ಎರಡು ದಿನ ಬಿಟ್ಟು ಮತ್ತೆ ನೋಡಿರಿ.

ಸಿ ಗೆರೆ ಒಂದೇ ಬಂದರೆ ಬಸಿರು ಕಂಡಿಲ್ಲ. ಒಂದು ವಾರವಾದರೂ ಮುಟ್ಟು ಬಾರದಿದ್ದರೆ ಮತ್ತೆ ಪರೀಕ್ಷೆ ಮಾಡಿರಿ.

ಸಿ ಗೆರೆಯೇ ಬಾರದಿದ್ದರೆ ಪಟ್ಟಿ ಕೆಟ್ಟಿದೆ. ಅದರ ಉತ್ತರ ನಂಬಬೇಡಿ.

"ಇದು ಗಂಡೋ ಹೆಣ್ಣೋ ಹೇಳತೈತೇನು?" ಇಲ್ಲ. ಈ ಗೆರೆ ಅದನ್ನು ಹೇಳುವುದಿಲ್ಲ. ಹುಟ್ಟುವ ಮೊದಲು ಅದನ್ನು ಪತ್ತೆ ಮಾಡುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ಬೇಗ ತಿಳಿದರೆ ಏನು ಲಾಭ? ಬಹಳ ಇದೆ. ಬೇಗ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬಹುದು. ಫೋಲಿಕ್ ಆಸಿಡ್ ಗುಳಿಗೆ ಬೇಗ ಶುರುವಾದಷ್ಟು ಕೂಸಿಗೆ ಒಳ್ಳೆಯದು. ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವ ಕೆಲಸದಿಂದ ದೂರ ಇರಬಹುದು. ಸಿಕ್ಕ ಸಿಕ್ಕ ಗುಳಿಗೆ ನುಂಗುವುದನ್ನು ನಿಲ್ಲಿಸಬಹುದು. ಬಸಿರು ಬೇಡವಾದರೂ ಬೇಗ ತಿಳಿಯುವುದೇ ಕ್ಷೇಮ. ಕಾಯ್ದೆ ಒಪ್ಪಿದ ಕಾರಣಗಳಿಗೆ, ತರಬೇತಾದ ವೈದ್ಯರಿಂದ ತೆಗೆಸಿಕೊಳ್ಳಲು 1971ರ ಕಾಯ್ದೆ ಅವಕಾಶ ಕೊಟ್ಟಿದೆ. ಗುಟ್ಟಾಗಿ ಯಾರೋ ಕೊಟ್ಟ ಔಷಧ ತೆಗೆದುಕೊಂಡು ಜೀವ ಕಳೆದುಕೊಳ್ಳಬಾರದು.

ಒಂದು ಮಾತು ನೆನಪಿಡಿ. ಪಟ್ಟಿ ಬಸಿರು ಇದೆ ಎಂದಷ್ಟೇ ಹೇಳುತ್ತದೆ. ಅದು ಸರಿಯಾದ ಜಾಗದಲ್ಲಿ ಇದೆಯೋ ಇಲ್ಲವೋ ಹೇಳುವುದಿಲ್ಲ. ಹೊಟ್ಟೆಯ ಒಂದು ಬದಿಗೆ ಜೋರು ನೋವು, ರಕ್ತ ಹೋಗುವುದು, ತಲೆ ಸುತ್ತುವುದು ಕಂಡರೆ ತಡ ಮಾಡದೆ ದವಾಖಾನೆಗೆ ಹೋಗಬೇಕು.

ಬೆಳ್ಳಿಯ ಒಳಿತು, ಬೆಳ್ಳಿಯ ಮೋಸ

ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹುಪರಿ ಬೆಳ್ಳಿ ಗೆಜ್ಜೆಗೆ ಹೆಸರಾದ ಊರು. ಆ ಬೆಳ್ಳಿಯನ್ನೇ ನ್ಯಾನೋ ಕಣ ಮಾಡಿದರೆ ಅದು ರೋಗದ ಕ್ರಿಮಿಗಳನ್ನು ಕೊಲ್ಲುತ್ತದೆ. ಸುಟ್ಟ ಗಾಯದ ಪಟ್ಟಿಯಲ್ಲಿ ಅದನ್ನು ಬಳಸುತ್ತಾರೆ. 2009ರಲ್ಲಿ ಟಾಟಾ ಕಂಪನಿ 'ಸ್ವಚ್ಛ್' ಎಂಬ ನೀರು ಸೋಸುವ ಸಾಧನ ಹೊರತಂದಿತು. ಅದರಲ್ಲಿ ಭತ್ತದ ಹೊಟ್ಟಿನ ಬೂದಿಯ ಜೊತೆ ಬೆಳ್ಳಿಯ ನ್ಯಾನೋ ಕಣ ಇತ್ತು.

ಆದರೆ "ಬೆಳ್ಳಿ ನೀರು ಕುಡೀರಿ, ಎಲ್ಲಾ ರೋಗ ಹೋಗತಾವು" ಅಂತ ಯಾರಾದರೂ ಸೀಸೆ ಹಿಡಿದು ಬಂದರೆ ನಂಬಬೇಡಿ. ಬೆಳ್ಳಿ ಮೈಯಲ್ಲಿ ಸೇರುತ್ತ ಹೋದರೆ ಚರ್ಮ ಬೂದಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಹೆಚ್ಚಾಗಿ ಮತ್ತೆ ಹೋಗುವುದೇ ಇಲ್ಲ.

ಈಗ 'ನ್ಯಾನೋ' ಎಂಬ ಮಾತು ಮುಖದ ಕ್ರೀಮಿನ ಮೇಲೂ ಇದೆ, ಗೊಬ್ಬರದ ಬಾಟಲಿಯ ಮೇಲೂ ಇದೆ. 2021ರಲ್ಲಿ ಬಂದ ನ್ಯಾನೋ ಯೂರಿಯಾದಲ್ಲಿ ಲೋಹ ಇಲ್ಲ, ಅದು ಬೇರೆ ವಸ್ತು. ಹೆಸರು ನೋಡಿ ಹಣ ಕೊಡಬೇಡಿ. ಮೂರು ಪ್ರಶ್ನೆ ಕೇಳಿರಿ. ಇದರಲ್ಲಿ ಏನಿದೆ? ಯಾರು ಪರೀಕ್ಷೆ ಮಾಡಿದ್ದಾರೆ? ಎಲ್ಲಿ ಬರೆದಿದೆ, ತೋರಿಸಿ. ಈಗ ನಮಗೆ ಓದಲು ಬರುತ್ತದೆ. ತೋರಿಸಿದ್ದನ್ನು ನಾವೇ ಓದಿಕೊಳ್ಳಬಹುದು.

ಕೂಡಿ ಮಾತಾಡೋಣ

1. ಒಂದು ಮಿಲಿಮೀಟರಿನಲ್ಲಿ ಎಷ್ಟು ನ್ಯಾನೋಮೀಟರ್ ಇವೆ?

2. ಬಂಗಾರದ ಕೆಂಪು ನೀರಿಗೆ ಉಪ್ಪು ಬಿದ್ದರೆ ಏನಾಗುತ್ತದೆ? ಯಾಕೆ?

3. ಬಣ್ಣ ನೋಡಿ ಮಾತ್ರ ನ್ಯಾನೋ ಕಣ ಎಂದು ಯಾಕೆ ಒಪ್ಪಬಾರದು?

4. ಪಟ್ಟಿಯಲ್ಲಿ ಟಿ ಗೆರೆ ಮಾತ್ರ ಬಂದು ಸಿ ಗೆರೆ ಬಾರದಿದ್ದರೆ ನೀವು ಏನು ಮಾಡುತ್ತೀರಿ?

5. ನಿಮ್ಮ ಓಣಿಯಲ್ಲಿ ಪರೀಕ್ಷೆಯ ಪಟ್ಟಿ ಯಾರ ಹತ್ತಿರ ಸಿಗುತ್ತದೆ? ವಿಚಾರಿಸಿ ಬಂದು ಕೇಂದ್ರದಲ್ಲಿ ಎಲ್ಲರಿಗೂ ಹೇಳಿರಿ.